ಹದಿನಾರು ಆಂಟೆನಾಗಳ ನೀಲಮ್ಮ ಮೇಡಂ

ನಮ್ಮ ವಿಭಾಗಕ್ಕೆ ಯಾವ ಊರಿನಿಂದ ಎಸ್‌ಟಿಡಿ ಕರೆ ಬಂದರೂ, ಫೋನೆತ್ತಿದವರು ನೀಲಮ್ಮ ಮೇಡಂ ಆಗಿದ್ದರೆ, ಆ ಕಡೆಯವರು ಮೊದಲು ಒಂದರಿಂದ ಹತ್ತರವರೆಗೆ ಎಣಿಸಬೇಕಾಗಿತ್ತು. "ವಿಷಯ ಆಮ್ಯಾಲೆ ಹೇಳೀರಂತೆ. ಮದ್ಲು ಹತ್ತರ ತನಕ ಎಣಿಸ್ರಿ" ಎಂದು ಹೇಳಿ, ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ವಿಶ್ವವಿದ್ಯಾಲಯದ ಗುಮಾಸ್ತರು ಎಣಿಸಿದ್ದಾರೆ. ಮಗನ ಹಾಜರಿ ವಿಚಾರಿಸಲು ಫೋನ್ ಮಾಡಿದ ಆನಗೋಡಿನ ರೈತರೊಬ್ಬರು, ಮಗನಿಗೆ ಲೆಕ್ಕ ಬರುತ್ತದೋ ಇಲ್ಲವೋ ಎಂದು ತಮ್ಮನ್ನೇ ಪರೀಕ್ಷಿಸುತ್ತಿದ್ದಾರೆಂದು ತಿಳಿದು ಇಪ್ಪತ್ತರವರೆಗೂ ಎಣಿಸಿದ್ದರಂತೆ. ದೆಹಲಿಗೆ ಹೋಗಿದ್ದ ನಮ್ಮ ಪ್ರಾಂಶುಪಾಲರೂ ಒಮ್ಮೆ ಗೊಣಗುತ್ತಲೇ ಎಣಿಸಿದರು.

ಎಣಿಕೆ ಮುಗಿದ ಮೇಲೆ "ಆಯ್ತು, ಈಗ ಹೇಳ್ರಿ" ಎನ್ನುವರು. ಆಮೇಲೆ ಆ ತಂತಿಯಲ್ಲಿ ಎಷ್ಟೇ ಗೊರಗೊರ ಇರಲಿ, ಅವರಿಗೆ ಒಂದು ಮಾತೂ ತಪ್ಪುತ್ತಿರಲಿಲ್ಲ. ಇದೇನು ಮೇಡಂ ಎಂದು ನಾನು ಕೇಳಿದ್ದಕ್ಕೆ, ಮೇಜಿನ ಮೇಲಿನ ಚಾಕ್‌ಪೀಸನ್ನು ಉರುಳಿಸುತ್ತ ಹೇಳಿದರು: "ಒಂದರಿಂದ ಹತ್ತು ನಂಗೆ ಗೊತ್ತಿರೋ ಮಾತು. ಅದು ಬರ್ತಾ ಬರ್ತಾ ಹೆಂಗೆ ಕೆಡ್ತು ಅಂತ ಕೇಳಿಸ್ಕೊಂಡ್ರೆ, ಈ ದಾರಿ ಮಾತನ್ನ ಹೆಂಗೆ ಕೆಡಿಸ್ತೈತೆ ಅಂತ ತಿಳೀತೈತೆ. ಆಮ್ಯಾಲೆ ಗೊತ್ತಿಲ್ಲದ ಮಾತನ್ನೂ ಸರಿ ಮಾಡ್ಕೋಬಹುದು."

ನಿಸ್ತಂತು ವಿದ್ಯೆಯಲ್ಲಿ ಇದನ್ನೇ ಚಾನೆಲ್ ಎಸ್ಟಿಮೇಷನ್ ಎನ್ನುತ್ತಾರೆ. ಅದರ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ, ಪುಟಗಟ್ಟಲೆ ಮ್ಯಾಟ್ರಿಕ್ಸ್‌ಗಳಿವೆ. ನಾನು ಅವನ್ನೆಲ್ಲ ಓದಿದೆ, ಈಗ ಪಾಠವನ್ನೂ ಮಾಡುತ್ತೇನೆ. ಆದರೆ ಪ್ರತಿ ವರ್ಷ ಮೊದಲ ದಿನ ಹುಡುಗರಿಗೆ ಹೇಳುವುದು ಮೇಡಂ ಹೇಳಿದ ಅಷ್ಟೇ ಮಾತನ್ನು.

ನಾನು ಅವರನ್ನು ಕಂಡದ್ದು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ದಾವಣಗೆರೆಯ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿ ಸೇರಿ, ಅವರ ಕೈಕೆಳಗೆ ಸ್ನಾತಕೋತ್ತರ ಪದವಿಗೆ ಹೆಸರು ಬರೆಸಿದ್ದೆ. ಅವರಿಗೆ ಆಗ ಐವತ್ತರ ಮೇಲಾಗಿತ್ತು. ಕುಳ್ಳನೆಯ ಆಳು. ಹಣೆಯಲ್ಲಿ ತೆಳ್ಳಗೆ ವಿಭೂತಿ, ಕೈಮಗ್ಗದ ಸೀರೆ, ಕಾಲಲ್ಲಿ ಗಂಡಸರು ಹಾಕಿಕೊಳ್ಳುವಂಥ ಕ್ಯಾನ್ವಾಸ್ ಶೂ. ಶೂ ಯಾಕೆಂದರೆ ದಿನಕ್ಕೆ ನಾಲ್ಕು ಸಲ ತಾರಸಿ ಹತ್ತಬೇಕಾಗಿತ್ತು. ಅವರ ಮನೆತನ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರದು. ಮದುವೆಯಾಗಲಿಲ್ಲ. ಹರಿಹರದಲ್ಲಿ, ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ತಂಗಿ ಶರಣಮ್ಮನವರ ಜೊತೆ ಇದ್ದರು. ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ರೈಲಿನಲ್ಲಿ ಸೀಟು ಸಿಕ್ಕರೆ ಉತ್ತರ ಪತ್ರಿಕೆ ತಿದ್ದುವರು, ಸಿಗದಿದ್ದರೆ ಕಿಟಕಿಯಾಚೆ ನೋಡುತ್ತ ನಿಲ್ಲುವರು. ನಿಂತ ದಿನಗಳಲ್ಲೇ ಅವರಿಗೆ ಹೊಸ ಯೋಚನೆ ಬರುತ್ತಿದ್ದದ್ದು ಎಂದು ನಾವು ನಗುತ್ತಿದ್ದೆವು.

ಅಂಥ ಒಂದು ಯೋಚನೆಯೇ ಹದಿನಾರು ಆಂಟೆನಾ. ಸುತ್ತಲಿನ ಹಳ್ಳಿಗಳಲ್ಲಿ ಆಗ ಊರಿಗೊಂದು ಫೋನ್ ಇದ್ದರೆ ಹೆಚ್ಚು. ಅದರ ತಂತಿ ಮಳೆಗೋ ಗಾಳಿಗೋ ಹರಿದರೆ ತಿಂಗಳುಗಟ್ಟಲೆ ಮೂಕ. ಉಕ್ಕಡಗಾತ್ರಿಯಿಂದ, ಸಾರಥಿಯಿಂದ ಜನ ಹರಿಹರಕ್ಕೆ ಬಂದು, ಎಸ್‌ಟಿಡಿ ಅಂಗಡಿ ಮುಂದೆ ಅರ್ಧ ದಿನ ಕಾದು ಹೋಗುವುದನ್ನು ಮೇಡಂ ದಿನವೂ ನೋಡುತ್ತಿದ್ದರು. ತಂತಿಯೇ ಬೇಡ, ದಾವಣಗೆರೆಯ ಒಂದು ತಾರಸಿಯ ಮೇಲೆ ಸಾಲಾಗಿ ಬಹಳ ಆಂಟೆನಾ ನಿಲ್ಲಿಸಿದರೆ, ಒಂದೇ ತರಂಗದಲ್ಲಿ ಹಲವು ಹಳ್ಳಿಗಳು ಒಟ್ಟಿಗೆ ಮಾತಾಡಿದರೂ ಬಿಡಿಸಿ ಕೇಳಬಹುದು ಎನ್ನುವುದು ಅವರ ಲೆಕ್ಕ. ಪ್ರತಿ ಹಳ್ಳಿಯ ದಾರಿಯೂ ಹದಿನಾರು ಆಂಟೆನಾಗಳಿಗೆ ಹದಿನಾರು ಥರ ಮುಟ್ಟುತ್ತದೆ; ಆ ವ್ಯತ್ಯಾಸವನ್ನು ಸರಿಯಾಗಿ ಅಳೆದುಕೊಂಡರೆ ಸಾಕು. ಇಂದು ಒಂದು ಟವರಿನ ಪೆಟ್ಟಿಗೆಯೊಳಗೇ ಅರವತ್ತನಾಲ್ಕು ಇರುತ್ತವೆ. ಆಗ ಹದಿನಾರು ಎಂದರೆ ವಿಭಾಗದ ಮುಖ್ಯಸ್ಥರು, ಊರಿನ ಮದುವೆಗೆ ಚಪ್ಪರ ಹಾಕುತ್ತೀರಾ ಎಂದು ಕೇಳಿದ್ದರು.

ಆಂಟೆನಾ ಕೊಳ್ಳಲು ಕಾಲೇಜು ಒಪ್ಪಲಿಲ್ಲ. ನನ್ನ ಅಬ್ಬಾನದು ಹಳೇ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿ. ಮೇಡಂ ಒಂದು ಭಾನುವಾರ ಅಲ್ಲಿಗೇ ಬಂದು, ಸ್ಟೂಲಿನ ಮೇಲೆ ಕೂತು, ಅಲ್ಯೂಮಿನಿಯಂ ಕೊಳವೆ ಎಷ್ಟು ಉದ್ದ ಬೇಕೆಂದು ಅಬ್ಬಾನಿಗೆ ವಿವರಿಸಿದರು. ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗಬಾರದೆಂದಾಗ ಅಬ್ಬಾ ಸ್ವಲ್ಪ ಮುನಿಸಿಕೊಂಡರು. "ಮೇಡಮ್ಮಾರೆ, ಮೂವತ್ತು ವರ್ಷದಿಂದ ಮುಚ್ಚಳ ಕೂಡಿಸ್ತಿದ್ದೀನಿ. ನನ್ನ ಕೈಗೆ ಅಳತೆ ಹೇಳ್ಕೊಡಬ್ಯಾಡ್ರಿ" ಎಂದರು. ಹದಿನಾರೂ ತಯಾರಾದ ಮೇಲೆ ಮೇಡಂ ಒಂದೊಂದನ್ನೂ ಅಳೆದರು. ಹದಿನೈದು ಸರಿ ಇದ್ದವು. ಹನ್ನೊಂದನೆಯದು ತುಸು ಉದ್ದ. ಅಬ್ಬಾ ಅದನ್ನು ಅರದಿಂದ ಉಜ್ಜಿ ಸರಿಮಾಡಿಕೊಟ್ಟರು. ಅವತ್ತಿನಿಂದ ಮನೆಯಲ್ಲಿ ಯಾರಾದರೂ ಮೇಡಂ ಹೆಸರೆತ್ತಿದರೆ ಅಬ್ಬಾ ಎದ್ದು ಕೂರುತ್ತಿದ್ದರು.

ತಾರಸಿಯ ಮೇಲೆ ಸಾಲು ಎದ್ದು ನಿಂತಾಗ, ಹಿಂದಿನ ಓಣಿಯವರು ಕಾಲೇಜಿನವರು ಕೇಬಲ್ ಟಿವಿ ಶುರುಮಾಡಿದರೆಂದು ತಿಳಿದು, ತಿಂಗಳಿಗೆ ಎಷ್ಟು ಎಂದು ಕೇಳಿಕೊಂಡು ಬಂದರು. ಇನ್ನೊಬ್ಬರಾದರೆ ಗದರಿ ಕಳಿಸುತ್ತಿದ್ದರು. ಮೇಡಂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ಅವರನ್ನು ತಾರಸಿಗೇ ಕರೆದುಕೊಂಡು ಹೋದರು. ಮುಚ್ಚಿಹೋದ ಗಿರಣಿಯ ತಗಡಿನ ಮಾಡನ್ನು ತೋರಿಸಿ, ಹರಿಹರದಿಂದ ಬಂದ ತರಂಗ ನೇರವಾಗಿಯೂ ಬರುತ್ತದೆ, ಅಲ್ಲಿ ಬಡಿದು ಸುತ್ತಿಕೊಂಡೂ ಬರುತ್ತದೆ, ಒಂದೇ ಮಾತು ಎರಡೆರಡು ಸಲ ಕೇಳಿದಂತಾಗುತ್ತದೆ ಎಂದು ಅರ್ಧ ಗಂಟೆ ವಿವರಿಸಿದರು. ಗಿರಣಿಯಲ್ಲಿ ಕೆಲಸ ಕಳೆದುಕೊಂಡಿದ್ದ ಒಬ್ಬ ವಯಸ್ಸಾದವರು, ಆ ಮಾಡಿನ ಯಾವ ಭಾಗದ ತಗಡು ಯಾವಾಗ ಕಿತ್ತರು ಎಂಬುದನ್ನೆಲ್ಲ ಹೇಳಿದರು. ಮೇಡಂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ತರಂಗ ಪ್ರಸಾರ ಮಾಡಲು ದೆಹಲಿಯಿಂದ ಪರವಾನಗಿ ಕಾಗದ ಬರಲು ಏಳೆಂಟು ತಿಂಗಳು ಹಿಡಿಯಿತು. ಬಂದ ಮೇಲೆ ಎರಡು ಪುಟ್ಟ ಪ್ರಸಾರದ ಪೆಟ್ಟಿಗೆ ಮಾಡಿದೆವು. ಒಂದನ್ನು ಹರಿಹರದಲ್ಲಿ ಮೇಡಂ ಮನೆಯ ಮಾಳಿಗೆಯಲ್ಲಿಟ್ಟೆವು. ಇನ್ನೊಂದನ್ನು ಸಾರಥಿಯಲ್ಲಿ, ಹಾಲಮ್ಮ ಎಂಬ ರೈತ ಹೆಂಗಸಿನ ಮನೆಯ ಮೇಲೆ. ಪ್ರತಿ ಪೆಟ್ಟಿಗೆಗೂ ಒಂದು ಗುರುತಿನ ಮಾತು. ಅಂದರೆ, ನಮಗೆ ಮೊದಲೇ ಗೊತ್ತಿರುವ ಸೊನ್ನೆ ಮತ್ತು ಒಂದುಗಳ ಒಂದು ಉದ್ದನೆಯ ಸಾಲು. ಅದನ್ನು ಮೆಮೊರಿ ಚಿಪ್ಪಿನಲ್ಲಿ ಬರೆದು ಪೆಟ್ಟಿಗೆಯೊಳಗೆ ಕೂರಿಸುವುದು ನನ್ನ ಕೆಲಸವಾಗಿತ್ತು. ಎರಡೂ ಪೆಟ್ಟಿಗೆಗಳು ದೂರದರ್ಶನದ ಸಂಕೇತವನ್ನೇ ಗಡಿಯಾರ ಮಾಡಿಕೊಂಡು ಒಂದೇ ಕ್ಷಣಕ್ಕೆ ಶುರುವಾಗುತ್ತಿದ್ದವು. ಗುರುತಿನ ಮಾತುಗಳು ಒಂದಕ್ಕೊಂದು ಹೋಲಬಾರದು. ಹೋಲಿದರೆ ಯಾವ ಮಾತು ಯಾವ ಊರಿನದೆಂದು ದಾವಣಗೆರೆಯಲ್ಲಿ ತಿಳಿಯುವುದಿಲ್ಲ. ಇದನ್ನು ಮೇಡಂ ನನಗೆ ಎರಡು ಸಲ ಹೇಳಿದ್ದರು.

ದಿನವೂ ಬೆಳಿಗ್ಗೆ ಒಂದು ಗಂಟೆ, ಕರೆಂಟು ಖಂಡಿತ ಇರುವ ಹೊತ್ತಿನಲ್ಲಿ, ಅಳತೆ. ನಾಲ್ಕು ತಿಂಗಳು ಹೀಗೆ ನಡೆಯಿತು. ಹರಿಹರ ಚೆನ್ನಾಗಿ ಕೇಳುತ್ತದೆಂದು ಗೊತ್ತೇ ಇತ್ತು. ಆಶ್ಚರ್ಯವೆಂದರೆ ಸಾರಥಿ. ಇನ್ನೂ ದೂರದ ಊರು, ನಡುವೆ ಮರಗಳ ಸಾಲು, ಪೆಟ್ಟಿಗೆಯೂ ಸಣ್ಣದು. ಆದರೂ ಲೆಕ್ಕದಲ್ಲಿ ಅದರ ದಾರಿ ಗಟ್ಟಿಯಾಗಿ ಮೂಡಿತು. ಮೇಡಂ ಮುಖ ಆ ದಿನಗಳಲ್ಲಿ ನೋಡಬೇಕಿತ್ತು. ಕ್ಯಾಂಟೀನಿನವನಿಗೂ ಸಾರಥಿಯ ಸುದ್ದಿ ಹೇಳಿದ್ದರು. ಬೆಂಗಳೂರಿನ ಒಂದು ವಿಚಾರ ಸಂಕಿರಣಕ್ಕೆ ಲೇಖನ ಕಳಿಸಿದೆವು, ಒಪ್ಪಿಗೆಯಾಯಿತು. ನನ್ನ ಪ್ರಬಂಧವೂ ಟೈಪಾಗಿ ಬೈಂಡಿಂಗಿಗೆ ಕಾದಿತ್ತು. ಜೂನ್ ಒಳಗೆ ಪದವಿ ಸಿಕ್ಕರೆ ಕಾಲೇಜಿನಲ್ಲಿ ಖಾಯಂ ಹುದ್ದೆಯೊಂದಕ್ಕೆ ನಾನು ಅರ್ಜಿ ಹಾಕಬಹುದಿತ್ತು. ಮನೆಯಲ್ಲಿ ತಂಗಿಯ ಮದುವೆ ಮಾತುಕತೆ ನಡೆದಿತ್ತು. ಅಣ್ಣ ಖಾಯಂ ಲೆಕ್ಚರರ್ ಎಂದು ಆ ಕಡೆಯವರಿಗೆ ಅಬ್ಬಾ ಆಗಲೇ ಹೇಳಿಬಿಟ್ಟಿದ್ದರು. ಮೇಡಂಗೂ ಪ್ರೊಫೆಸರ್ ಬಡ್ತಿ ಆ ಲೇಖನದ ಮೇಲೆ ನಿಂತಿತ್ತು.

ತಿಂಗಳಿಗೊಮ್ಮೆ ಪೆಟ್ಟಿಗೆ ನೋಡಿಕೊಂಡು ಬರಲು ಮೇಡಂ ಸಾರಥಿಗೆ ಹೋಗುತ್ತಿದ್ದರು. ಆ ಸಲ ನನ್ನನ್ನೂ ಕರೆದುಕೊಂಡು ಹೋದರು. ಹಾಲಮ್ಮ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದವರು ಕೈ ಕೊಡವಿಕೊಂಡು ಬಂದು, ಚಾಪೆ ಹಾಕಿ, ಮಜ್ಜಿಗೆ ಕೊಟ್ಟರು. ಮಾತಿಗೆ ಮಾತು ಬಂದು ಹೇಳಿದರು:

"ಹೋದ್ವಾರ ನಿಮ್ಮ ಡಬ್ಬಿಗೆ ಮೂರು ದಿನ ರಜಾ ನೋಡ್ರಿ. ಗುರುವಾರ ನಸುಕಿನಾಗೇ ಟಿ.ಸಿ. ಸುಟ್ಟೋತು. ಶನಿವಾರ ಸಂಜೀಗೆ ಕರೆಂಟ್ ಬಂತು."

ಮೇಡಂ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. "ಮೂರೂ ದಿನ ಒಂದು ಚೂರೂ ಕರೆಂಟ್ ಇರ್ಲಿಲ್ಲೇನ್ರಿ?"

"ಎಲ್ಲಿಂದ ಇರ್ತೈತ್ರಿ. ಹಿಟ್ಟು ಬೀಸಾಕೆ ಹರಿಹರಕ್ಕೆ ಹೊತ್ಕಂಡು ಹೋಗೀವಿ. ಯಾಕ್ರಿ, ಏನಾತು?"

ಪೆಟ್ಟಿಗೆಗೆ ಬ್ಯಾಟರಿ ಇರಲಿಲ್ಲ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದು ಸುಮ್ಮನಿರಲೇಬೇಕು. ಆದರೆ ಆ ಗುರುವಾರ, ಶುಕ್ರವಾರ, ಶನಿವಾರದ ಬೆಳಿಗ್ಗೆಗಳಲ್ಲೂ ದಾವಣಗೆರೆಯ ನಮ್ಮ ಕಂಪ್ಯೂಟರು ಸಾರಥಿಯ ದಾರಿಯನ್ನು ಎಂದಿನಂತೆ ಗಟ್ಟಿಯಾಗಿ ಬರೆದಿಟ್ಟಿತ್ತು. ಬಾಯಿ ಮುಚ್ಚಿಕೊಂಡ ಊರಿನ ಮಾತು ನಮಗೆ ಕೇಳಿಸಿತ್ತು.

ಬಸ್ಸು ಹತ್ತಿದ ಮೇಡಂ ಹರಿಹರದಲ್ಲಿ ಇಳಿಯದೆ ನೇರ ಕಾಲೇಜಿಗೇ ಬಂದರು. ಸಾರಥಿಯಿಂದ ಬಿಚ್ಚಿ ತಂದಿದ್ದ ಚಿಪ್ಪನ್ನು ಓದಿಸಿ, ಹರಿಹರದ ಗುರುತಿನ ಮಾತಿನ ಪಕ್ಕದಲ್ಲಿಟ್ಟು ನೋಡಿದೆವು. ಮೊದಲರ್ಧ ಬೇರೆ ಬೇರೆ. ಎರಡನೆಯ ಅರ್ಧ ಎರಡರಲ್ಲೂ ಒಂದೇ. ಬರೆಯುವಾಗ ನಾನು ಹರಿಹರದ ಹಳೆಯ ಕಡತದ ಮೇಲೇ ಸಾರಥಿಯ ಹೊಸದನ್ನು ತುಂಬಿಸಿದ್ದೆ. ಅರ್ಧಕ್ಕೆ ನಿಂತಿದ್ದು ಗೊತ್ತಾಗಿರಲಿಲ್ಲ. ಲೆಕ್ಕ ಹಾಕುವ ಪ್ರೋಗ್ರಾಮಿಗೂ ಅದೇ ಕಡತವನ್ನೇ ಕೊಟ್ಟಿದ್ದೆ. ಹಾಗಾಗಿ ನಾವು ಸಾರಥಿಗಾಗಿ ಕಿವಿಗೊಟ್ಟಾಗಲೆಲ್ಲ ಹರಿಹರದ ಗಟ್ಟಿ ದನಿ ಅದರೊಳಗೆ ಸೇರಿಕೊಂಡು, ಸಾರಥಿಯೇ ಅಷ್ಟು ಚೆನ್ನಾಗಿ ಕೇಳುತ್ತಿದೆ ಎನ್ನಿಸಿತ್ತು. ನಾಲ್ಕು ತಿಂಗಳ ಅಳತೆ ಹಾಳು.

ಆಗ ನಾನು ಒಂದು ದಾರಿ ಹೇಳಿದೆ. ಆ ಮೂರು ದಿನದ ಅಂಕಿಗಳನ್ನು ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ; ಸಂಕಿರಣ ಮುಗಿಯಲಿ, ಪದವಿ ಆಗಲಿ, ಆಮೇಲೆ ಹೊಸದಾಗಿ ಅಳೆದು ಇನ್ನೊಂದು ಲೇಖನದಲ್ಲಿ ತಿದ್ದಿಕೊಳ್ಳೋಣ ಎಂದೆ. ಮೇಡಂ ಎರಡೂ ಊರಿನ ನಾಲ್ಕು ತಿಂಗಳ ನಕ್ಷೆಗಳನ್ನು ತರಲು ಹೇಳಿ, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಹರಿಹರದ ಗೆರೆ ಏರಿದಲ್ಲೆಲ್ಲ ಸಾರಥಿಯದೂ ಏರಿತ್ತು, ಇಳಿದಲ್ಲೆಲ್ಲ ಇಳಿದಿತ್ತು.

"ಇದನ್ನ ನೀನು ಮೊದಲೇ ನೋಡಿದ್ದೆಯೇನೋ ರಫೀಕ?" ಎಂದು ಕೇಳಿದರು.

ಸುಳ್ಳು ಹೇಳಲು ಆಗಲಿಲ್ಲ. ಒಂದು ತಿಂಗಳ ಹಿಂದೆಯೇ ನೋಡಿದ್ದೆ. ಎರಡು ಊರಿಗೂ ಒಂದೇ ಮಳೆ, ಒಂದೇ ಗಾಳಿ, ಅದಕ್ಕೇ ಹೀಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜಕ್ಕೂ ಹೆದರಿ ಸುಮ್ಮನಿದ್ದೆ. ಹಾಗೆಂದೇ ಹೇಳಿದೆ. ಇನ್ನೇನು ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ.

ಮೇಡಂ ನಕ್ಷೆಗಳನ್ನು ಸರಿಯಾಗಿ ಜೋಡಿಸಿ ಮೇಜಿನ ಮೇಲಿಟ್ಟರು. "ನಾನೂ ನೋಡಿದ್ದೆ ಕಣೋ" ಎಂದರು. "ನೋಡಿ ಖುಷಿಪಟ್ಟೆ. ಇದು ಹೆಂಗೆ ಇಷ್ಟು ಚಂದ ಬಂತು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ನಿಂದು ಒಂದು ತಿಂಗಳ ತಪ್ಪು, ನಂದು ನಾಲ್ಕು ತಿಂಗಳದ್ದು."

ಅಷ್ಟೇ. ಮುಂದೆ ಎಂದೂ ಅವರು ನನ್ನ ತಪ್ಪನ್ನು ಎತ್ತಿ ಆಡಲಿಲ್ಲ. ನಾನೇ ಒಮ್ಮೆ ಎತ್ತಿದಾಗ, ಅದು ಮುಗಿದ ಮಾತು, ಬಿಡು ಎಂದು ಬೇರೆ ವಿಷಯ ತೆಗೆದರು.

ಲೇಖನವನ್ನು ವಾಪಸು ಪಡೆಯುತ್ತಾರೆಂದು ನಾನು ತಿಳಿದಿದ್ದೆ. ಅವರು ಸಂಕಿರಣಕ್ಕೇ ಹೋದರು. ನಾನೂ ಜೊತೆಗಿದ್ದೆ. ತಮ್ಮ ಸರದಿ ಬಂದಾಗ ವೇದಿಕೆ ಹತ್ತಿ, ಪ್ರೊಜೆಕ್ಟರಿನ ಮೇಲೆ ಲೇಖನದ ಮೊದಲ ಹಾಳೆಯನ್ನಿಟ್ಟು, ಮುಖ್ಯ ಫಲಿತಾಂಶದ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದರು. ಈ ಭಾಗ ತಪ್ಪು, ಹೇಗೆ ತಪ್ಪಾಯಿತು ಎಂದು ತಿಳಿಸಲು ಬಂದಿದ್ದೇನೆ ಎಂದು ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದರು. ಗುರುತಿನ ಮಾತುಗಳು ಒಂದನ್ನೊಂದು ಹೋಲಿದರೆ ಏನಾಗುತ್ತದೆ, ಒಂದೂರಿನ ದನಿ ಇನ್ನೊಂದೂರಿನ ವೇಷ ಹಾಕಿಕೊಂಡು ಹೇಗೆ ಬರುತ್ತದೆ, ಕರೆಂಟು ಹೋದ ಮೂರು ದಿನಗಳು ಅದನ್ನು ಹೇಗೆ ಬಯಲು ಮಾಡಿದವು, ಎಲ್ಲವನ್ನೂ ಹದಿನೈದು ನಿಮಿಷದಲ್ಲಿ ಹೇಳಿದರು. ಮಾತಿನುದ್ದಕ್ಕೂ 'ನಾವು' ಎಂದರು. ನನ್ನ ಹೆಸರು ಎತ್ತಲಿಲ್ಲ. ಹಾಲಮ್ಮನ ಹೆಸರನ್ನು ಮಾತ್ರ ಎರಡು ಸಲ ಹೇಳಿದರು.

ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಅಧ್ಯಕ್ಷತೆ ವಹಿಸಿದ್ದವರು, ತಪ್ಪುಗಳನ್ನು ಮನೆಯಲ್ಲೇ ತೊಳೆದುಕೊಂಡು ಬರುವುದು ವಾಡಿಕೆ ಎಂದು ಚುಚ್ಚಿದರು. ಮೇಡಂ, ಹೌದು ಸರ್, ಆದರೆ ಇನ್ನೊಬ್ಬರು ಇದೇ ತಪ್ಪಿಗೆ ನಾಲ್ಕು ತಿಂಗಳು ಕಳೆಯಬಾರದಲ್ಲ ಎಂದು ಹೇಳಿ ಇಳಿದು ಬಂದರು. ಚಹಾ ಹೊತ್ತಿನಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಹುಡುಕಿಕೊಂಡು ಬಂದು, ಆ ಹಾಳೆಗಳ ನಕಲು ಸಿಗಬಹುದೇ, ನಮ್ಮ ಹುಡುಗರಿಗೆ ತೋರಿಸಬೇಕು ಎಂದು ಕೇಳಿದರು. ಮೇಡಂ ಮೂಲ ಹಾಳೆಗಳನ್ನೇ ಕೊಟ್ಟುಬಿಟ್ಟರು.

ಮೇಡಂಗೆ ಆ ವರ್ಷ ಬಡ್ತಿ ಸಿಗಲಿಲ್ಲ. ಮುಂದೆಯೂ ಸಿಗಲಿಲ್ಲ. ನನ್ನ ಖಾಯಂ ಹುದ್ದೆ ಬೇರೆಯವರ ಪಾಲಾಯಿತು. ತಂಗಿಯ ಮದುವೆ ಮುರಿದುಬೀಳುತ್ತದೆಂದು ಹೆದರಿ ನಾನು ಅಬ್ಬಾನ ಮುಂದೆ ಎಲ್ಲ ಹೇಳಿಕೊಂಡೆ. ಅಬ್ಬಾ ಸುತ್ತಿಗೆ ಕೆಳಗಿಟ್ಟು ಎದ್ದರು. ಆಮೇಲೆ ಆ ಮನೆಗೆ ಹೋಗಿ, ನನ್ನ ಮಗನಿಗೆ ಇನ್ನೂ ಖಾಯಂ ಆಗಿಲ್ಲ, ನಾನು ಮೊದಲೇ ಹೇಳಿದ್ದು ತಪ್ಪು ಎಂದು ಹೇಳಿ ಬಂದರು. ಮದುವೆ ಆಯಿತು. ಆ ಧೈರ್ಯ ಎಲ್ಲಿಂದ ಬಂತು ಎಂದು ಅಮ್ಮಿ ಕೇಳಿದ್ದಕ್ಕೆ, "ಆ ಮೇಡಮ್ಮಾರು ಅಷ್ಟು ದೊಡ್ಡ ಸಭೇಲಿ ನಿಂತು ಹೇಳ್ಯಾರಂತೆ. ನಂದೇನು, ಒಂದು ಮನಿ ಪಡಸಾಲೆ" ಎಂದರು.

ಎರಡನೆಯ ಸಲ ಅಳೆಯಲು ಪೂರ್ತಿ ಒಂದು ವರ್ಷ ಹಿಡಿಯಿತು. ಹೊಸ ಗುರುತಿನ ಮಾತುಗಳನ್ನು ಮೇಡಂ ತಾವೇ ಕೂತು, ಕಾಗದದ ಮೇಲೆ ಒಂದೊಂದೇ ಅಂಕಿ ಬರೆದು ಜೋಡಿಸಿದರು. ಚಿಪ್ಪಿನಲ್ಲಿ ಬರೆಯುವ ಕೆಲಸವನ್ನು ಮತ್ತೆ ನನಗೇ ಕೊಟ್ಟರು. ನಾನು ಬರೆಯಲು ಕೂತಾಗ ಪಕ್ಕದಲ್ಲಿ ನಿಂತು ನೋಡದೆ ಕೋಣೆಯಿಂದ ಆಚೆ ಹೋದರು. ವಾರಕ್ಕೊಮ್ಮೆ ಹಾಲಮ್ಮನ ಮನೆಯ ಪೆಟ್ಟಿಗೆಯನ್ನು ಬೇಕೆಂದೇ ಆರಿಸಿ, ದಾವಣಗೆರೆಯಲ್ಲಿ ಸಾರಥಿ ಕಾಣೆಯಾಗುವುದನ್ನು ನೋಡಿ ಸಮಾಧಾನಪಡುತ್ತಿದ್ದೆವು.

ನಿಜವಾದ ಸಾರಥಿ ಬಹಳ ಸಣ್ಣ ದನಿಯದು. ನಾಲ್ಕು ಆಂಟೆನಾಗಳಿಗೆ ಅದು ಸಿಗಲೇ ಇಲ್ಲ. ಎಂಟಕ್ಕೆ ಇದ್ದೂ ಇಲ್ಲದ ಹಾಗೆ. ಹದಿನಾರನ್ನೂ ಸೇರಿಸಿ, ಒಂದೊಂದರ ದಾರಿಯನ್ನೂ ಸರಿಯಾಗಿ ಅಳೆದು ಕೂಡಿಸಿದಾಗ, ಗದ್ದಲದ ಮೇಲೆ ತುಸುವೇ ತಲೆಯೆತ್ತಿತು. ಮೊದಲು ಬರೆದಿದ್ದ ಬಲದ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಆ ಗೆರೆ ಪರದೆಯ ಮೇಲೆ ಮೂಡಿದಾಗ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, ಮತ್ತೆ ಹಾಕಿಕೊಂಡು ನೋಡಿದರು. "ಇದು ಹಾಲಮ್ಮನ ಮನೀದೇ" ಎಂದಷ್ಟೇ ಹೇಳಿದರು. ನನ್ನ ಪ್ರಬಂಧ ಅದರ ಮೇಲೇ ಆಯಿತು. ಹಳ್ಳಿಗಳಿಗೆ ಫೋನು ಕೊಡುವಷ್ಟು ದೂರ ನಮ್ಮ ಕೆಲಸ ಹೋಗಲಿಲ್ಲ. ಕೆಲವೇ ವರ್ಷಗಳಲ್ಲಿ ಮೊಬೈಲ್ ಟವರುಗಳು ಬಂದವು. ಮೇಡಂ ಅದಕ್ಕೆ ಕೊರಗಲಿಲ್ಲ; ಹರಿಹರದ ಎಸ್‌ಟಿಡಿ ಅಂಗಡಿ ಮುಂದೆ ಈಗ ಯಾರೂ ಕಾಯುತ್ತಿಲ್ಲ ಎಂದು ಸಂತೋಷದಿಂದಲೇ ಹೇಳಿದ್ದರು.

ಅವರು ನಿವೃತ್ತರಾದರು. ನಾನು ಹುಬ್ಬಳ್ಳಿಯ ಕಾಲೇಜೊಂದಕ್ಕೆ ಸೇರಿದೆ. ವರ್ಷಕ್ಕೆ ಒಂದೆರಡು ಸಲ ಹರಿಹರಕ್ಕೆ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ನಾನೂ ನನ್ನ ವಿದ್ಯಾರ್ಥಿನಿಯೂ ಸೇರಿ ಬರೆದ ಲೇಖನದ ಕರಡನ್ನು ಒಯ್ದಿದ್ದೆ. ಮೇಡಂ ಬಹಳ ಇಳಿದುಹೋಗಿದ್ದರು. ಕೂತು ಏಳಲು ಶರಣಮ್ಮನವರ ಕೈ ಬೇಕಾಗಿತ್ತು. ಆದರೂ ಕರಡನ್ನು ಬೆಳಕಿನ ಕಡೆ ತಿರುಗಿಸಿಕೊಂಡು, ಭೂತಗನ್ನಡಿ ಹಿಡಿದು, ಮೊದಲಿನಿಂದ ಕೊನೆಯವರೆಗೆ ಓದಿದರು. ಎರಡು ಗಂಟೆ ಹಿಡಿಯಿತು. ಓದಿ ಮುಗಿಸಿ, ಮೂರನೆಯ ಪುಟಕ್ಕೆ ಮರಳಿ, ಒಂದು ಅಂಕಿಯ ಮೇಲೆ ಬೆರಳಿಟ್ಟರು.

"ಇದನ್ನ ಅಳೆದೀಯೋ, ಅಂದ್ಕೊಂಡೀಯೋ?"

ಅಂದುಕೊಂಡದ್ದು ಮೇಡಂ, ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಪುಸ್ತಕದಲ್ಲೂ ಹಾಗೇ ಇದೆ ಎಂದೆ.

"ಹಂಗಾದ್ರೆ ಊಟ ಮಾಡ್ಕೊಂಡು ಹೋಗು. ಹೋಗಿ ಅಳಿ. ಎಷ್ಟು ಬಂತು ಅಂತ ನಂಗೂ ಬಂದು ಹೇಳು."

ಹುಬ್ಬಳ್ಳಿಗೆ ಹೋಗಿ ಅಳೆದೆವು. ನಮ್ಮ ಹತ್ತಿರ ಇಲ್ಲದ ಒಂದು ಉಪಕರಣಕ್ಕಾಗಿ ಕಾದದ್ದೂ ಸೇರಿ ಎರಡು ತಿಂಗಳಾಯಿತು. ಅಂಕಿ ಬೇರೆಯೇ ಬಂತು. ಬಹಳ ಬೇರೆಯೇನಲ್ಲ, ಆದರೆ ನಮ್ಮ ಲೇಖನದ ಒಂದು ತೀರ್ಮಾನವನ್ನು ಬದಲಾಯಿಸುವಷ್ಟು. ಆ ಭಾನುವಾರವೇ ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಶರಣಮ್ಮನವರು. ಮೇಡಂ ಹೋಗಿ ಹನ್ನೆರಡು ದಿನವಾಗಿತ್ತು. ತಿಳಿಸೋಣವೆಂದರೆ ನಿಮ್ಮ ನಂಬರು ಅಕ್ಕನ ಹಳೇ ಡೈರಿಯಲ್ಲಿ ಎಲ್ಲಿದೆಯೋ ಸಿಗಲಿಲ್ಲಪ್ಪ ಎಂದು ಅವರು ಕ್ಷಮೆ ಕೇಳಿದರು. ಒಳಗೆ ಕೂರಿಸಿ ಚಹಾ ಕೊಟ್ಟರು. ನಾನು ಚಹಾ ಕುಡಿದೆ. ಆಮೇಲೆ ಚೀಲದಿಂದ ಹಾಳೆ ತೆಗೆದು, ಮೇಡಂ ಕೇಳಿದ್ದ ಅಂಕಿ ಇದು ಎಂದು ಹೇಳಿದೆ. ಪುಸ್ತಕದಲ್ಲಿ ಎಷ್ಟಿತ್ತು, ನಮಗೆ ಎಷ್ಟು ಬಂತು, ಅದರಿಂದ ಏನು ಬದಲಾಯಿತು ಎಂದು ವಿವರಿಸಿದೆ. ಜೀವನವಿಡೀ ಕನ್ನಡ ಕಲಿಸಿದ ಆ ಹೆಂಗಸಿಗೆ ಅದರಲ್ಲಿ ಒಂದು ಮಾತೂ ಅರ್ಥವಾಗಿರಲಾರದು. ನಡುವೆ ಒಮ್ಮೆಯೂ ಮಾತು ಕತ್ತರಿಸದೆ, ಪೂರ್ತಿ ಕೇಳಿಸಿಕೊಂಡರು.